ಒಂದಕ್ಕೆ ವಿಶ್ರಾಂತಿ ಬೇಕು, ಇನ್ನೊಂದಕ್ಕೆ ಕೆಲಸ ಬೇಕು

ಪ್ರಶ್ನೆ: ಸರ್, ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಸಣ್ಣ ಫೌಂಡ್ರಿ. ಪಕ್ಕದ ಶೆಡ್ಡಿನಲ್ಲೇ ಮಷೀನ್ ಶಾಪ್ ಇದೆ. ಫೌಂಡ್ರಿಯ ಗ್ರೈಂಡರ್, ರ‍್ಯಾಮರ್‌ಗಳಿಗೆ 15 ಹೆಚ್‌ಪಿಯ ಹಳೇ ಪಿಸ್ಟನ್ ಕಂಪ್ರೆಸರ್ ಇದೆ, ಎರಡು ಸ್ಟೇಜಿನದು, 500 ಲೀಟರ್ ಟ್ಯಾಂಕ್. ಬೆಳಿಗ್ಗೆ ಹಾಕಿದರೆ ಸಂಜೆವರೆಗೂ ನಿಲ್ಲುವುದೇ ಇಲ್ಲ. ಎರಡು ತಿಂಗಳಿಗೊಮ್ಮೆ ವಾಲ್ವ್ ಪ್ಲೇಟ್ ಮುರಿಯುತ್ತದೆ. ಸಿಎನ್‌ಸಿ ಮಷೀನುಗಳಿಗೆ ಒಂದೂವರೆ ವರ್ಷದ ಹಿಂದೆ 30 ಹೆಚ್‌ಪಿಯ ಸ್ಕ್ರೂ ಕಂಪ್ರೆಸರ್ ತೆಗೆದುಕೊಂಡೆವು. ಮೀಟರಿನಲ್ಲಿ ಒಟ್ಟು 5,200 ಗಂಟೆ, ಲೋಡ್ ಗಂಟೆ 1,700 ತೋರಿಸುತ್ತಿದೆ. ಆಗಲೇ ಎರಡು ಸಲ ಸೆಪರೇಟರ್ (ಗಾಳಿಯಿಂದ ಆಯಿಲ್ ಬೇರೆ ಮಾಡುವ ಫಿಲ್ಟರ್) ಬದಲಾಯಿಸಿ ಆಯಿತು, ಆದರೂ ಗಾಳಿಯಲ್ಲಿ ಆಯಿಲ್ ಬರುತ್ತದೆ. ಆಯಿಲ್ ಬಿಳಿಯಾಗಿದೆ. ಡಿಸ್ಪ್ಲೇಯಲ್ಲಿ ಟೆಂಪರೇಚರ್ 60ರಿಂದ 64ರ ಒಳಗೇ ಇರುತ್ತದೆ, ಅಂದರೆ ಮಷೀನ್ ತಣ್ಣಗೇ ಇದೆ. ಎರಡಕ್ಕೂ ನಮ್ಮಲ್ಲಿರುವ 68ರ ಹೈಡ್ರಾಲಿಕ್ ಆಯಿಲನ್ನೇ ಹಾಕುತ್ತೇವೆ. ಎರಡನ್ನೂ ಹೇಗೆ ನೋಡಿಕೊಳ್ಳಬೇಕು? ಬ್ಯಾಡಗಿಯಲ್ಲಿ ನನ್ನ ಭಾವನವರದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇದೆ. ಅಲ್ಲಿಯ ಅಮೋನಿಯಾ ಕಂಪ್ರೆಸರ್‌ಗೂ ಇದೇ ಕ್ರಮ ನಡೆಯುತ್ತದಾ?

ಉತ್ತರ: ಮೀಟರಿನ ಎರಡೂ ಅಂಕಿ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಉತ್ತರ ಬಹುಪಾಲು ಅಲ್ಲೇ ಇದೆ. 5,200 ಗಂಟೆ ಓಡಿದ ಸ್ಕ್ರೂ ಮಷೀನು ಗಾಳಿ ಕೊಟ್ಟಿದ್ದು 1,700 ಗಂಟೆ ಮಾತ್ರ. ಮಿಕ್ಕ 3,500 ಗಂಟೆ ಸುಮ್ನೆ ತಿರುಗಿದೆ. ಆ ಕಡೆ ಪಿಸ್ಟನ್ ಮಷೀನಿಗೆ ಉಸಿರಾಡಲೂ ಬಿಡುವಿಲ್ಲ. ಇದು ತಿರುವುಮುರುವಾಗಿದೆ. ಪಿಸ್ಟನ್ ಕಂಪ್ರೆಸರ್ ಇರುವುದು ಸ್ವಲ್ಪ ಹೊತ್ತು ಓಡಿ, ನಿಂತು, ತಣ್ಣಗಾಗಿ, ಮತ್ತೆ ಓಡುವುದಕ್ಕೆ. ನೂರು ನಿಮಿಷದಲ್ಲಿ 60–70 ನಿಮಿಷ ಓಡಿದರೆ ಸಾಕು, ಅದಕ್ಕಿಂತ ಜಾಸ್ತಿ ಆದರೆ ಸಿಲಿಂಡರಿನ ತಲೆ ಬಿಸಿಯಾಗುತ್ತದೆ. ಸ್ಕ್ರೂ ಕಂಪ್ರೆಸರ್ ಇಡೀ ದಿನ ಲೋಡಿನಲ್ಲಿ ಓಡಿದರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೆಲಸ ಇಲ್ಲದಿದ್ದರೇ ಅದಕ್ಕೆ ಕಾಯಿಲೆ. ಇದನ್ನು ಸರಿಮಾಡದೆ ಎಷ್ಟು ಸರ್ವಿಸ್ ಮಾಡಿಸಿದರೂ ಪಾರ್ಟ್ಸ್ ಅಂಗಡಿಯವರಿಗೆ ಲಾಭ, ಅಷ್ಟೇ.

ಸ್ಕ್ರೂ ಮಷೀನಿನಿಂದ ಶುರು ಮಾಡೋಣ. 62 ಡಿಗ್ರಿ ಇದೆ, ತಣ್ಣಗಿದೆ, ಒಳ್ಳೆಯದು ಅಂತ ನೀವು ತಿಳಿದಿದ್ದೀರಿ. ತುಂಬಾ ಜನ ಹಾಗೇ ತಿಳಿದಿರುತ್ತಾರೆ. ಬೆಳಗಾವಿಯ ಮಳೆಗಾಲದ ಗಾಳಿ ಎಷ್ಟು ತೇವ ಇರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. 25 ಡಿಗ್ರಿಯ, ಶೇ. 90 ತೇವದ ಗಾಳಿಯನ್ನು 7 ಬಾರ್‌ಗೆ ಒತ್ತಿದರೆ, ಅದರಲ್ಲಿರುವ ಆವಿ ಸುಮಾರು 65 ಡಿಗ್ರಿಗೇ ನೀರಾಗಲು ಶುರುವಾಗುತ್ತದೆ. ನಿಮ್ಮ ಆಯಿಲ್ ಇರುವುದು ಅದಕ್ಕಿಂತ ಕೆಳಗೆ. ಹಾಗಾಗಿ ನೀರು ಟ್ಯಾಂಕಿಗೋ ಡ್ರೈಯರಿಗೋ ಹೋಗುವ ಮೊದಲೇ ಮಷೀನಿನ ಒಳಗೆ, ಆಯಿಲ್ ಸಂಪಿನಲ್ಲೇ ಬೀಳುತ್ತಿದೆ. ಆಯಿಲ್ ಬಿಳಿಯಾಗಿದ್ದು ಅದಕ್ಕೇ. ನೀರು ಕಲೆತ ಆಯಿಲ್ ನೊರೆ ಏಳುತ್ತದೆ, ನೊರೆ ಸೆಪರೇಟರ್ ದಾಟಿ ಗಾಳಿಯ ಜೊತೆ ಹೋಗುತ್ತದೆ. ಬೇರಿಂಗಿಗೂ ಇದು ವಿಷ. ಸ್ಕ್ರೂ ಮಷೀನಿನಲ್ಲಿ ಬೇರಿಂಗ್ ಹೋದರೆ ಏರ್ ಎಂಡ್, ಅಂದರೆ ಗಾಳಿ ಒತ್ತುವ ರೋಟರುಗಳಿರುವ ಭಾಗವೇ ಹೋದಂತೆ. ಏರ್ ಎಂಡ್ ಹೋದರೆ ಖರ್ಚು ಹೊಸ ಮಷೀನಿನ ಹತ್ತಿರ ಹತ್ತಿರ ಬರುತ್ತದೆ.

ಇಂಥ ಮಷೀನು ಲೋಡಿನಲ್ಲಿದ್ದಾಗ 75ರಿಂದ 95 ಡಿಗ್ರಿ ಒಳಗೆ ಇರಬೇಕು. 105–110ಕ್ಕೆ ತಾನೇ ಟ್ರಿಪ್ ಆಗುತ್ತದೆ. ನಿಮ್ಮದು ಏರದಿರುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಲೋಡೇ ಇಲ್ಲ. ಇನ್ನೊಂದು, ಥರ್ಮೋಸ್ಟ್ಯಾಟ್ ವಾಲ್ವ್ ತೆರೆದ ಹಾಗೇ ಸಿಕ್ಕಿಕೊಂಡು ಎಲ್ಲ ಆಯಿಲನ್ನೂ ಕೂಲರಿಗೆ ಕಳಿಸುತ್ತಿದೆ. ಕಂಡುಹಿಡಿಯುವುದು ಸುಲಭ. ಒಂದು ದಿನ ಟ್ಯಾಂಕಿನ ವಾಲ್ವ್ ಒಂಚೂರು ತೆರೆದು ಗಾಳಿ ಹೊರಗೆ ಬಿಟ್ಟು ಅರ್ಧ ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ. ಹತ್ತಿರ ನಿಲ್ಲುವವರು ಕಿವಿಗೆ ಮಫ್ ಹಾಕಿಕೊಳ್ಳಲಿ. 75 ದಾಟಿದರೆ ವಾಲ್ವ್ ಸರಿಯಾಗಿದೆ, ದೋಷ ಲೋಡಿನದು. ಆಗಲೂ 65ರಲ್ಲೇ ನಿಂತರೆ ಥರ್ಮೋಸ್ಟ್ಯಾಟ್ ಬದಲಾಯಿಸಿ, ದೊಡ್ಡ ದುಡ್ಡಿನದಲ್ಲ.

ಪ್ರತಿದಿನ ಬೆಳಿಗ್ಗೆ ಮಷೀನ್ ಹಾಕುವ ಮೊದಲು ಇನ್ನೊಂದು ಕೆಲಸ ಮಾಡಿಸಿ. ರಾತ್ರಿಯೆಲ್ಲ ನಿಂತಾಗ ನೀರು ಸಂಪಿನ ತಳಕ್ಕೆ ಇಳಿದಿರುತ್ತದೆ. ಪ್ರೆಶರ್ ಸೊನ್ನೆ ಇದೆ ಅಂತ ಖಾತ್ರಿ ಮಾಡಿಕೊಂಡು ತಳದ ಡ್ರೈನ್ ಮೆಲ್ಲಗೆ ತೆರೆಯಬೇಕು. ಮೊದಲು ನೀರು ಬರುತ್ತದೆ. ಆಯಿಲ್ ಬಂದ ತಕ್ಷಣ ಮುಚ್ಚಬೇಕು.

ಇನ್ನು ಸೆಪರೇಟರ್. ಸರ್ವಿಸ್ ಹುಡುಗನ ಮೇಲೆ ಸಿಟ್ಟಾಗಬೇಡಿ. ಆಯಿಲ್ ಬಂದರೆ ಸೆಪರೇಟರ್ ಹಾಕು ಅಂತಲೇ ಅವನಿಗೆ ಕಲಿಸಿರುತ್ತಾರೆ. ಆದರೆ ಅದನ್ನು ಬಿಚ್ಚುವ ಮೊದಲು ನೋಡಬೇಕಾದ್ದು ಬಹಳ ಇದೆ. ಆಯಿಲ್ ಜಾಸ್ತಿ ತುಂಬಿದ್ದಾರಾ ನೋಡಿ. ಲೆವೆಲ್ ನೋಡುವುದು ಮಷೀನ್ ನಿಲ್ಲಿಸಿ, ಪ್ರೆಶರ್ ಇಳಿದು, ಐದು–ಹತ್ತು ನಿಮಿಷ ಬಿಟ್ಟ ಮೇಲೆ. ಓಡುವಾಗ ಕಮ್ಮಿ ಕಾಣುತ್ತದೆ ಅಂತ ಸುರಿದುಬಿಡುವುದು ಎಲ್ಲ ಕಡೆ ನಡೆಯುವ ತಪ್ಪು. ಆಮೇಲೆ ಸ್ಕ್ಯಾವೆಂಜ್ ಲೈನ್ ನೋಡಿ. ಸೆಪರೇಟರಿನ ಒಳಗೆ ತಳದಲ್ಲಿ ನಿಂತ ಆಯಿಲನ್ನು ಏರ್ ಎಂಡಿಗೆ ವಾಪಸ್ ಎಳೆಯುವ ಸಣ್ಣ ಪೈಪ್ ಅದು. ಅದರಲ್ಲಿ ಗಾಜಿನ ಕಿಂಡಿ ಇದ್ದರೆ, ಲೋಡಿನಲ್ಲಿ ಆಯಿಲ್ ಹರಿಯುವುದು ಕಾಣಬೇಕು. ಕಾಣದಿದ್ದರೆ ಒಳಗಿನ ಸಣ್ಣ ತೂತು ಕಟ್ಟಿದೆ ಅಂತ ಅರ್ಥ. ಗಾಳಿ ಊದಿ ಬಿಡಿಸಿ, ಡ್ರಿಲ್ ಹಾಕಿ ದೊಡ್ಡದು ಮಾಡಬೇಡಿ. ಎಷ್ಟೋ ಮಷೀನುಗಳಲ್ಲಿ ಹೊಸ ಸೆಪರೇಟರ್ ಹಾಕಿದ ಮೇಲೂ ಆಯಿಲ್ ಬರುವುದು ಈ ಒಂದು ತೂತಿನಿಂದ. ಮೂರನೆಯದು ಮಿನಿಮಮ್ ಪ್ರೆಶರ್ ವಾಲ್ವ್. ಸಂಪಿನಲ್ಲಿ ಸುಮಾರು 4 ಬಾರ್ ಆಗುವವರೆಗೆ ಗಾಳಿಯನ್ನು ಹೊರಗೆ ಬಿಡದೆ ಹಿಡಿಯುವುದು ಅದರ ಕೆಲಸ. ಅದು ಹಿಡಿಯದಿದ್ದರೆ ಕಮ್ಮಿ ಪ್ರೆಶರಿನಲ್ಲಿ ಗಾಳಿ ಜೋರಾಗಿ ನುಗ್ಗಿ ಆಯಿಲನ್ನೂ ಎಳೆದುಕೊಂಡು ಹೋಗುತ್ತದೆ.

ಇಷ್ಟೂ ಸರಿ ಇದ್ದರೆ ಆಮೇಲೆ ಸೆಪರೇಟರ್ ಅನ್ನಿ. ಅದು ಕಟ್ಟಿದ್ದನ್ನು ಹೇಳುವುದು ಅದರ ಎರಡು ಬದಿಯ ಪ್ರೆಶರ್ ವ್ಯತ್ಯಾಸ. ಹೊಸದರಲ್ಲಿ 0.2 ಬಾರ್ ಆಸುಪಾಸು ಇರುತ್ತದೆ, 0.8–1 ಬಾರ್ ಆದರೆ ಬದಲಾಯಿಸುವುದು. ಹಾಕುವಾಗ ಒಂದು ಎಚ್ಚರಿಕೆ: ಅದರ ಗ್ಯಾಸ್ಕೆಟ್ಟಿನಲ್ಲಿ ಲೋಹದ ಪಿನ್ ಹೊಡೆದಿರುತ್ತಾರೆ. ಸೆಪರೇಟರಿನಲ್ಲಿ ಹುಟ್ಟುವ ಸ್ಟ್ಯಾಟಿಕ್ ಕರಂಟು ಮಷೀನಿನ ಮೈಗೆ ಇಳಿದು ಅರ್ತ್ ಆಗಲಿ ಅಂತ ಅದು. ಹುಡುಗರು ಸೀಲ್ ಚೆನ್ನಾಗಿ ಕೂರಲಿ ಅಂತ ಪಿನ್ ಕಿತ್ತು, ಸಿಲಿಕೋನ್ ಬಳಿದು ಕೂರಿಸುತ್ತಾರೆ. ಒಳಗೆ ಕಿಡಿ ಹಾರಿದರೆ ಆಯಿಲ್ ಹೊಗೆಗೆ ಬೆಂಕಿ ಹತ್ತುತ್ತದೆ.

ಆಯಿಲ್ ಜಾಸ್ತಿ ಹೋಗುತ್ತಿದೆಯಾ ಅಂತ ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. 30 ಹೆಚ್‌ಪಿ ಸ್ಕ್ರೂ 7 ಬಾರ್‌ನಲ್ಲಿ ಸುಮಾರು 125 ಸಿಎಫ್ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಕೊಡುತ್ತದೆ. ಒಂದು ಘನಮೀಟರಿಗೆ 3 ಮಿಲಿಗ್ರಾಂ ಆಯಿಲ್ ಹೋಗುವುದು ಮಾಮೂಲು. ಲೆಕ್ಕ ಹಾಕಿದರೆ ಸಾವಿರ ಲೋಡ್ ಗಂಟೆಗೆ ಮುಕ್ಕಾಲು ಲೀಟರ್. ನೀವು ಟಾಪ್ ಅಪ್ ಮಾಡಿದ್ದನ್ನೆಲ್ಲ ಬರೆದಿಡಿ. ಇದಕ್ಕಿಂತ ತುಂಬಾ ಮೇಲೆ ಹೋದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಹೈಡ್ರಾಲಿಕ್ ಆಯಿಲ್ ವಿಷಯಕ್ಕೆ ಬರುತ್ತೇನೆ. ಉದ್ಯಮಬಾಗದಲ್ಲಿ ಕೈಗೆ ಸಿಗುವುದು ಅದೇ, ಹಾಗಾಗಿ ಅದನ್ನೇ ಸುರಿಯುತ್ತಾರೆ. ಎರಡು ಮಷೀನಿಗೂ ಅದು ಹೊಂದುವುದಿಲ್ಲ. ಸ್ಕ್ರೂ ಮಷೀನಿನ ಆಯಿಲ್ ನೇರವಾಗಿ ಬಿಸಿ ಗಾಳಿಯ ಜೊತೆಗೇ ಸುತ್ತುತ್ತದೆ. ತಂಪು ಮಾಡುವುದು, ರೋಟರ್ ಸಂದು ಮುಚ್ಚುವುದು, ಬೇರಿಂಗ್ ಕಾಯುವುದು ಎಲ್ಲ ಅದರದೇ ಕೆಲಸ. ಬಿಸಿ ಗಾಳಿಯಲ್ಲಿ ಬೇಗ ಕೆಡದ, ನೊರೆಯನ್ನೂ ನೀರನ್ನೂ ಬೇಗ ಬಿಟ್ಟುಕೊಡುವ ಸ್ಕ್ರೂ ಕಂಪ್ರೆಸರ್ ಆಯಿಲೇ ಬೇಕು, ಸಾಮಾನ್ಯವಾಗಿ 46ರ ಗ್ರೇಡ್ (ಅಂಕಿ ಜಾಸ್ತಿ ಆದಷ್ಟೂ ಆಯಿಲ್ ಮಂದ). ಇದು ಕೆಟ್ಟರೆ ಕೂಲರಿನ ಒಳಗೆ ಕಂದು ಬಣ್ಣದ ವಾರ್ನಿಷ್ ಕಟ್ಟುತ್ತದೆ, ಅದನ್ನು ತೆಗೆಯುವುದು ತಲೆನೋವು. ಪಿಸ್ಟನ್ನಿಗೆ 68 ತೆಳ್ಳಗಾಯಿತು. ಅದಕ್ಕೆ ಸಾಮಾನ್ಯವಾಗಿ 100ರ ಪಿಸ್ಟನ್ ಕಂಪ್ರೆಸರ್ ಆಯಿಲ್, ಕೆಲವು ಮಷೀನಿಗೆ 150. ಮಷೀನಿನ ಪುಸ್ತಕದಲ್ಲಿ ಬರೆದದ್ದೇ ಕೊನೆಯ ಮಾತು. ಎರಡು ಕ್ಯಾನಿನ ಮೇಲೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿ. ನಿಮ್ಮ ಊರಲ್ಲಿ ಎರಡೂ ಬೇಕಾಗುತ್ತದೆ ಅಲ್ವಾ.

ಸಿಂಥೆಟಿಕ್ ಹಾಕುವ ಯೋಚನೆ ಇದ್ದರೆ ಹಳೇ ಆಯಿಲಿನ ಮೇಲೆ ಹಾಕಬೇಡಿ. ಪಿಎಜಿ (ಪಾಲಿಆಲ್ಕಿಲೀನ್ ಗ್ಲೈಕಾಲ್) ಜಾತಿಯ ಸಿಂಥೆಟಿಕ್ ಮಿನರಲ್ ಆಯಿಲಿನ ಜೊತೆ ಸೇರಿದರೆ ಗಟ್ಟಿಯಾಗಿ ಲೋಳೆ ಲೋಳೆ ಆಗುತ್ತದೆ. ಬಿಸಿ ಇದ್ದಾಗಲೇ ಹಳೆಯದನ್ನು ಸಂಪು, ಕೂಲರ್, ಪೈಪ್ ಎಲ್ಲ ಕಡೆಯಿಂದ ಇಳಿಸಿ, ಫ್ಲಶ್ ಮಾಡಿ, ಫಿಲ್ಟರ್ ಬದಲಾಯಿಸಿ, ಆಮೇಲೆ ಹೊಸದು. ಮಿನರಲ್ ಆಯಿಲ್ 2,000ದಿಂದ 4,000 ಗಂಟೆ, ಒಳ್ಳೆ ಸಿಂಥೆಟಿಕ್ 8,000 ಗಂಟೆವರೆಗೆ ಬಾಳುತ್ತದೆ. ಬಿಸಿ ಪ್ರತಿ 10 ಡಿಗ್ರಿ ಏರಿದಾಗ ಆಯಿಲಿನ ಆಯಸ್ಸು ಸರಿಸುಮಾರು ಅರ್ಧ ಆಗುತ್ತದೆ. ಬೇಸಿಗೆಯಲ್ಲಿ 100ರಲ್ಲಿ ಓಡುವ ಮಷೀನಿಗೆ ಪುಸ್ತಕದ ಗಂಟೆ ನಂಬಬೇಡಿ.

ಈಗ ಪಿಸ್ಟನ್. ಇಂಥ ಮಷೀನು ಕೆಡುವುದು ವಾಲ್ವಿನಿಂದ. ಬಿಡುವಿಲ್ಲದೆ ಓಡಿದರೆ ಡಿಸ್ಚಾರ್ಜ್ ಕಡೆ 150–180 ಡಿಗ್ರಿ ದಾಟುತ್ತದೆ. ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಪ್ಲೇಟು ಸಮನಾಗಿ ಕೂರುವುದಿಲ್ಲ, ಓರೆಯಾಗಿ ಬಡಿದು ಬಡಿದು ಮುರಿಯುತ್ತದೆ. ನಿಮ್ಮದು ಫೌಂಡ್ರಿ, ಮೇಲಿಂದ ಮರಳಿನ ಧೂಳು. ಅದು ಫಿಲ್ಟರ್ ದಾಟಿದರೆ ರಿಂಗು, ಸಿಲಿಂಡರು ಎರಡನ್ನೂ ಉಜ್ಜಿ ಹಾಕುತ್ತದೆ. ಏರ್ ಫಿಲ್ಟರನ್ನು ಶೆಡ್ಡಿನ ಒಳಗೆ ಇಡಲೇಬೇಡಿ. ಪೈಪ್ ಎಳೆದು ಗೋಡೆ ಆಚೆ, ಮಳೆ ಬೀಳದ ನೆರಳಿನಲ್ಲಿ ಇಡಿ. ಒಳಗೆಳೆಯುವ ಗಾಳಿ 4 ಡಿಗ್ರಿ ತಂಪಾದರೆ ಕರಂಟು ಸುಮಾರು ಶೇ. 1 ಉಳಿಯುತ್ತದೆ, ಅದೂ ಬೋನಸ್.

ಯಾವ ವಾಲ್ವ್ ಹೋಗಿದೆ ಅಂತ ತಿಳಿಯಲು ಎಲ್ಲ ಬಿಚ್ಚಬೇಕಾಗಿಲ್ಲ. ಎರಡು ಸ್ಟೇಜಿನ ಮಷೀನಿನಲ್ಲಿ ಗಾಳಿಯನ್ನು ಮೊದಲು ದೊಡ್ಡ ಸಿಲಿಂಡರು ಒತ್ತುತ್ತದೆ, ನಡುವೆ ಇಂಟರ್‌ಕೂಲರಿನಲ್ಲಿ ತಣ್ಣಗಾದ ಮೇಲೆ ಸಣ್ಣದು ಒತ್ತುತ್ತದೆ. ಆ ಇಂಟರ್‌ಕೂಲರಿಗೆ ಒಂದು ಗೇಜ್ ಹಾಕಿಸಿ. ಟ್ಯಾಂಕ್ 7–8 ಬಾರ್ ಇದ್ದಾಗ ನಡುವೆ 1.8ರಿಂದ 2.2 ಬಾರ್ ತೋರಿಸಬೇಕು. ಅದಕ್ಕಿಂತ ಇಳಿದರೆ ದೊಡ್ಡ ಸಿಲಿಂಡರಿನ ವಾಲ್ವ್ ಗಾಳಿ ಬಿಡುತ್ತಿದೆ. ಏರಿದರೆ ಸಣ್ಣ ಸಿಲಿಂಡರಿನದು. ನಡುವಿನ ಸೇಫ್ಟಿ ವಾಲ್ವ್ ಆಗಾಗ ಹಾರುತ್ತಿದ್ದರೆ ಅದೂ ಸಣ್ಣ ಸಿಲಿಂಡರಿನ ವಾಲ್ವಿನ ದೂರೇ. ಸೇಫ್ಟಿಯ ಸ್ಪ್ರಿಂಗ್ ಬಿಗಿ ಮಾಡಿ ಬಾಯಿ ಮುಚ್ಚಿಸುವವರಿದ್ದಾರೆ. ಅಂಥವರನ್ನು ಮಷೀನಿನ ಹತ್ತಿರ ಬಿಡಬೇಡಿ. ವಾಲ್ವ್ ಹಾಕುವಾಗ ಪ್ಲೇಟಿನ ಜೊತೆ ಸ್ಪ್ರಿಂಗೂ ಹೊಸದು ಹಾಕಿಸಿ. ಹಳೇ ಸ್ಪ್ರಿಂಗು ಹೊಸ ಪ್ಲೇಟನ್ನು ಬೇಗ ಕೊಲ್ಲುತ್ತದೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ, ಏಕೆಂದರೆ ಗಡಿಯಾರ ಬಿಟ್ಟರೆ ಏನೂ ಬೇಡ. ಹೊರಗಿನ ವಾಲ್ವ್ ಮುಚ್ಚಿ. ಖಾಲಿ ಟ್ಯಾಂಕು 7 ಬಾರ್ ಆಗಲು ಎಷ್ಟು ಹೊತ್ತು ಬೇಕು ಅಂತ ನೋಡಿ. 15 ಹೆಚ್‌ಪಿ ಮಷೀನು 50 ಸಿಎಫ್ಎಂ ಆಸುಪಾಸು ಕೊಟ್ಟರೆ ನಿಮ್ಮ 500 ಲೀಟರ್ ಟ್ಯಾಂಕು ಎರಡೂವರೆ–ಮೂರು ನಿಮಿಷದಲ್ಲಿ ತುಂಬಬೇಕು. ಹೊಸ ವಾಲ್ವ್ ಹಾಕಿದ ದಿನ ಬಂದ ಸಮಯವನ್ನು ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಬರೆಸಿ. ತಿಂಗಳಿಗೊಮ್ಮೆ ಹೋಲಿಸಿ. ಕಾಲು ಭಾಗ ಜಾಸ್ತಿ ತೆಗೆದುಕೊಂಡರೆ ಬಿಚ್ಚುವ ಹೊತ್ತು ಬಂತು. ಬೆಲ್ಟ್ ಸಡಿಲ ಇದ್ದರೂ ಹೀಗೇ ಆಗುತ್ತದೆ, ಮೊದಲು ಅದನ್ನು ನೋಡಿ. ಬೆಲ್ಟ್ ಬದಲಾಯಿಸಿದರೆ ಇಡೀ ಸೆಟ್ ಬದಲಾಯಿಸಿ.

ಈಗ ನನ್ನ ನಿಜವಾದ ಸಲಹೆ. ಎರಡು ಶೆಡ್ಡಿನ ಲೈನುಗಳನ್ನು ಜೋಡಿಸಿ. ಸ್ಕ್ರೂ ಮಷೀನು ಶೇ. 33 ಲೋಡಿನಲ್ಲಿದೆ, ಅಂದರೆ ಮಷೀನ್ ಶಾಪಿಗೆ ಬೇಕಾದ್ದು ಸುಮಾರು 41 ಸಿಎಫ್ಎಂ. ಫೌಂಡ್ರಿಗೆ 50 ಸೇರಿಸಿ. 91 ಆಯಿತು. 125 ಕೊಡುವ ಮಷೀನಿಗೆ ಅದು ಶೇ. 73 ಲೋಡ್. ಸ್ಕ್ರೂಗೆ ಅದು ಹೇಳಿ ಮಾಡಿಸಿದ ಕೆಲಸ, ಟೆಂಪರೇಚರ್ ತಾನೇ ಏರುತ್ತದೆ, ಆಯಿಲಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಪಿಸ್ಟನ್ನಿನ ಪ್ರೆಶರ್ ಸ್ವಿಚ್ಚನ್ನು ಸ್ಕ್ರೂದಕ್ಕಿಂತ ಅರ್ಧ ಬಾರ್ ಕೆಳಗೆ ಇಡಿ. ಎಲ್ಲ ಗ್ರೈಂಡರ್ ಒಟ್ಟಿಗೆ ಓಡಿ ಪ್ರೆಶರ್ ಇಳಿದಾಗ ಮಾತ್ರ ಅದು ಬರಲಿ. ಸ್ಕ್ರೂ ಸರ್ವಿಸಿಗೆ ನಿಂತ ದಿನ ಅರ್ಧ ಕೆಲಸವಾದರೂ ನಡೆಯುತ್ತದೆ. ಪೈಪಿಗೆ ಎರಡು ಇಂಚಿನ ಜಿಐ ಹಾಕಿ, ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಕೊಡಿ, ಕವಲುಗಳನ್ನು ಮೇಲಿನಿಂದ ತೆಗೆಸಿ, ಆಗ ನೀರು ಟೂಲಿಗೆ ಬರುವುದಿಲ್ಲ. ಪಿವಿಸಿ ಪೈಪ್ ಖಂಡಿತ ಬೇಡ. ಒತ್ತಿದ ಗಾಳಿಗೆ ಅದು ಒಡೆದರೆ ಚೂರುಗಳು ಗುಂಡಿನ ಹಾಗೆ ಹಾರುತ್ತವೆ.

ಪೈಪಿನ ಖರ್ಚಿಗೆ ಹೆದರಬೇಡಿ. ಅನ್‌ಲೋಡಿನಲ್ಲಿ ಸ್ಕ್ರೂ ಮಷೀನು ಸುಮಾರು ಶೇ. 30 ಕರಂಟು ತಿನ್ನುತ್ತದೆ. 22 ಕಿಲೋವಾಟಿಗೆ 6.6 ಕಿಲೋವಾಟ್, 3,500 ಗಂಟೆಗೆ 23,000 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಅಂದುಕೊಂಡರೂ 1.6 ಲಕ್ಷ ರೂಪಾಯಿ ಗಾಳಿ ಕೊಡದೆಯೇ ಹೋಗಿದೆ.

ಜೋಡಿಸುವ ಮೊದಲು ಲೀಕ್ ನೋಡಿ, ಇಲ್ಲದಿದ್ದರೆ ನನ್ನ ಲೆಕ್ಕ ತಪ್ಪುತ್ತದೆ. ಊಟದ ಹೊತ್ತಿಗೆ ಎಲ್ಲ ಟೂಲ್ ನಿಲ್ಲಿಸಿ, ಸ್ಕ್ರೂ ಮಾತ್ರ ಓಡಿಸಿ. ಅದು ಲೋಡಿನಲ್ಲಿ ಇದ್ದದ್ದು ಒಂದು ನಿಮಿಷ, ಅನ್‌ಲೋಡಿನಲ್ಲಿ ನಾಲ್ಕು ನಿಮಿಷ ಆದರೆ ಐದರಲ್ಲಿ ಒಂದು ಪಾಲು, ಅಂದರೆ ಶೇ. 20 ಲೀಕ್. ಶೇ. 10ರ ಒಳಗೆ ತನ್ನಿ. ಫೌಂಡ್ರಿಯಲ್ಲಿ ಬಹುತೇಕ ಲೀಕ್ ಹೋಸಿನ ಕಪ್ಲಿಂಗಿನಲ್ಲೇ ಇರುತ್ತದೆ, ಸೋಪಿನ ನೀರು ಸಾಕು. 3 ಮಿಲಿಮೀಟರಿನ ಒಂದು ತೂತು 7 ಬಾರ್‌ನಲ್ಲಿ ಸೆಕೆಂಡಿಗೆ ಸುಮಾರು 10 ಲೀಟರ್ ಗಾಳಿ ಬಿಡುತ್ತದೆ, ಅದಕ್ಕೇ 3–4 ಕಿಲೋವಾಟ್ ಬೇಕು. ಪ್ರೆಶರನ್ನೂ ಸುಮ್ನೆ ಏರಿಸಿ ಇಡಬೇಡಿ, ಒಂದು ಬಾರ್ ಜಾಸ್ತಿ ಅಂದರೆ ಕರಂಟು ಶೇ. 6–7 ಜಾಸ್ತಿ.

ಟ್ಯಾಂಕಿನ ನೀರಿನ ಬಗ್ಗೆ ಯಾರಿಗೂ ಅಂದಾಜಿರುವುದಿಲ್ಲ. ಜುಲೈ ತಿಂಗಳಲ್ಲಿ ನಿಮ್ಮ ಸ್ಕ್ರೂ ಪೂರ್ತಿ ಲೋಡಿನಲ್ಲಿ ಎಂಟು ಗಂಟೆ ಓಡಿದರೆ 25 ಲೀಟರ್ ಆಸುಪಾಸು ನೀರು ಬೀಳುತ್ತದೆ. ದಿನಕ್ಕೊಮ್ಮೆ ಕೈಯಲ್ಲಿ ಡ್ರೈನ್ ಮಾಡಿದರೆ ಸಾಲದು. ಆಟೋ ಡ್ರೈನ್ ಹಾಕಿಸಿ, ಆದರೆ ಅದು ಕೆಲಸ ಮಾಡುತ್ತಿದೆಯಾ ಅಂತ ದಿನಾ ಒಂದು ಸಲ ಕೈಯಲ್ಲೂ ತೆರೆದು ನೋಡಿ. ನೀರು ನಿಂತ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ, ಹೊರಗೆ ಪೇಂಟ್ ಚೆನ್ನಾಗಿಯೇ ಕಾಣುತ್ತಿರುತ್ತದೆ. ಸಣ್ಣ ತೂತು ಬಿದ್ದರೆ ವೆಲ್ಡಿಂಗ್ ಮಾಡಿಸಬೇಡಿ, ಟ್ಯಾಂಕೇ ಬದಲಾಯಿಸಿ. ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ ಒಪ್ಪಿದ ಕಾಂಪಿಟೆಂಟ್ ಪರ್ಸನ್ ಹತ್ತಿರ ದಪ್ಪ ಅಳತೆ, ಹೈಡ್ರೋ ಟೆಸ್ಟ್, ಸೇಫ್ಟಿ ವಾಲ್ವ್ ಪರೀಕ್ಷೆ ಹೊತ್ತಿಗೆ ಸರಿಯಾಗಿ ಮಾಡಿಸಿ. ಸರ್ಟಿಫಿಕೇಟ್ ಮಾತ್ರ ಕಳಿಸುತ್ತೇನೆ ಅನ್ನುವವರು ಸಿಗುತ್ತಾರೆ, ಬೇಡ.

ಇನ್ನೊಂದು. ಹೆಸ್ಕಾಂನವರು ಟ್ರಾನ್ಸ್‌ಫಾರ್ಮರ್ ಅಥವಾ ಕೇಬಲ್ ಕೆಲಸ ಮಾಡಿ ಹೋದ ದಿನ ಫೇಸ್ ಕ್ರಮ ನೋಡಿಸಿಯೇ ಸ್ಕ್ರೂ ಹಾಕಿ. ಪಿಸ್ಟನ್ ಉಲ್ಟಾ ತಿರುಗಿದರೆ ಮುಖ್ಯವಾಗಿ ತಂಪು ಮಾಡುವ ಗಾಳಿಯ ದಿಕ್ಕು ಕೆಡುತ್ತದೆ, ನಿಲ್ಲಿಸಿ ಸರಿಮಾಡಲು ಸಮಯ ಸಿಗುತ್ತದೆ. ಸ್ಕ್ರೂ ಕೆಲವೇ ಸೆಕೆಂಡ್ ಉಲ್ಟಾ ತಿರುಗಿದರೂ ಏರ್ ಎಂಡಿಗೆ ಪೆಟ್ಟು. ಫೇಸ್ ರಿಲೇ ಇರುತ್ತದೆ, ಅದನ್ನು ಯಾರೂ ಬೈಪಾಸ್ ಮಾಡಿಲ್ಲ ಅಂತ ನೋಡಿಕೊಳ್ಳಿ.

ಮುಂದೆ ಆಯಿಲ್ ಫ್ರೀ ಮಷೀನ್ ಮಾರಲು ಯಾರಾದರೂ ಬಂದರೆ ಅದಕ್ಕೆ ನಿರ್ವಹಣೆ ಇಲ್ಲ ಅನ್ನುವುದನ್ನು ನಂಬಬೇಡಿ. ಅದರಲ್ಲೂ ಗೇರ್, ಬೇರಿಂಗಿಗೆ ಆಯಿಲ್ ಇದೆ. ಗಾಳಿ 180–200 ಡಿಗ್ರಿಗೆ ಏರುತ್ತದೆ, ಕೂಲರ್ ಕಟ್ಟಿದರೆ ರೋಟರಿನ ಕೋಟಿಂಗ್ ಹೋಗುತ್ತದೆ. ಔಷಧಿ, ತಿಂಡಿ ತಯಾರಿಸುವವರಿಗೆ ಬೇಕು, ಎರಕಕ್ಕೆ ಬೇಡ. ಸೆಂಟ್ರಿಫ್ಯೂಗಲ್ ಇರುವುದು ಸಾವಿರಾರು ಸಿಎಫ್ಎಂ ಬೇಕಾದ ದೊಡ್ಡ ಪ್ಲಾಂಟಿಗೆ. ಅಲ್ಲಿ ಕಾಯುವುದು ವೈಬ್ರೇಷನ್ನನ್ನು, ಕೂಲಿಂಗ್ ನೀರನ್ನು, ಮತ್ತು ಗಾಳಿ ಕಮ್ಮಿ ಎಳೆದಾಗ ಅದು ಹಿಂದಕ್ಕೆ ನುಗ್ಗುವ ‘ಸರ್ಜ್’ ಅನ್ನು.

ನಿಮ್ಮ ಭಾವನವರ ಅಮೋನಿಯಾ ಮಷೀನೂ ಬಹುಶಃ ಪಿಸ್ಟನ್ನೇ, ಆದರೆ ಕ್ರಮ ಬೇರೆ. ಅಲ್ಲಿ ವಾಲ್ವ್ ಮುರಿಯುವುದು ಹೆಚ್ಚಾಗಿ ಕರಿಯಿಂದಲ್ಲ, ಆವಿಯ ಬದಲು ದ್ರವ ಅಮೋನಿಯಾ ಸಿಲಿಂಡರಿಗೆ ಬಂದಾಗ. ಬಡಿತದ ಸದ್ದು ಕೇಳಿದರೆ, ಕ್ರ್ಯಾಂಕ್ ಕೇಸ್ ಮೇಲೆ ಹಿಮ ಕಟ್ಟಿದರೆ ತಕ್ಷಣ ನಿಲ್ಲಿಸಬೇಕು. ಹಿತ್ತಾಳೆ, ತಾಮ್ರದ ಫಿಟ್ಟಿಂಗ್ ಒಂದೂ ಹಾಕಬಾರದು, ಅಮೋನಿಯಾ ಅದನ್ನು ತಿಂದುಬಿಡುತ್ತದೆ. ಆಯಿಲ್ ಅಮೋನಿಯಾದಲ್ಲಿ ಕರಗುವುದಿಲ್ಲ, ರಿಸೀವರ್ ಮತ್ತು ಕಾಯಿಲ್‌ಗಳ ತಳದಲ್ಲಿ ಕೂರುತ್ತದೆ. ಅದನ್ನು ಆಗಾಗ ಇಳಿಸಲೇಬೇಕು, ಆದರೆ ಒಬ್ಬನೇ ಇಳಿಸಬಾರದು, ಮಾಸ್ಕ್ ಇಲ್ಲದೆ ಇಳಿಸಬಾರದು, ಡ್ರೈನ್ ತೆರೆದಿಟ್ಟು ಟೀ ಕುಡಿಯಲು ಹೋಗಬಾರದು. ನಿಮ್ಮ ಸ್ಕ್ರೂ ನೋಡುವ ಹುಡುಗನನ್ನು ದಯವಿಟ್ಟು ಅಲ್ಲಿಗೆ ಕಳಿಸಬೇಡಿ. ಅಮೋನಿಯಾದಲ್ಲೇ ಕೆಲಸ ಮಾಡಿದವರನ್ನು ಕರೆಸಲಿ. ಗ್ಯಾಸ್ ಮಾಸ್ಕನ್ನು ಪ್ಲಾಂಟ್ ರೂಮಿನ ಒಳಗಿಡದೆ ಬಾಗಿಲ ಹೊರಗೆ ತೂಗು ಹಾಕಿರಲಿ.